ಹುಳುಮನೆಯ ಎಚ್ಚರ ನಡುಮನೆಗೂ ಬೇಕು

ರೇಷ್ಮೆ ಸಾಕುವವರ ಮನೆಗೆ ಹೋಗಿಬಂದವರಿಗೆ ಅಲ್ಲಿಯ ಕಟ್ಟುಪಾಡು ತಿಳಿದೇ ಇರುತ್ತದೆ. ಹೊರಗಿನಿಂದ ಬಂದವರು, ಅವರು ಎಷ್ಟೇ ಹತ್ತಿರದ ಬಂಧುಗಳಾಗಿರಲಿ, ನೇರವಾಗಿ ಹುಳುಮನೆಯೊಳಕ್ಕೆ ಕಾಲಿಡುವಂತಿಲ್ಲ. ಮೊದಲು ಕೈಕಾಲು ತೊಳೆಯಬೇಕು. ಹೊಸ್ತಿಲ ಬಳಿ ಹರಡಿರುವ ಸುಣ್ಣ, ಬ್ಲೀಚಿಂಗ್ ಪುಡಿಗಳನ್ನು ಮೆಟ್ಟಿ ದಾಟಬೇಕು. ಒಳಗೆ ಗಾಳಿಯಾಡಲು ಕಿಟಕಿಗಳು ತೆರೆದಿರುತ್ತವೆ. ತಟ್ಟೆಯಲ್ಲಿ ಒಂದು ಹುಳು ಬಾಡಿದಂತೆ ಕಂಡರೂ ಮನೆಯಾಕೆ ಅದನ್ನು ಕಡ್ಡಿಯಿಂದ ಎತ್ತಿ ಬೇರ್ಪಡಿಸಿ, ಕೈ ತೊಳೆದ ಬಳಿಕವೇ ಮತ್ತೆ ಸೊಪ್ಪು ಮುಟ್ಟುತ್ತಾಳೆ. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು, ಗಂಟುರೋಗ ಎಂಬ ಹೆಸರುಗಳನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ಮಕ್ಕಳೂ ಬಲ್ಲರು. ಒಂದು ಹುಳುವಿನ ರೋಗ ಇಡೀ ಬೆಳೆಯನ್ನು ನುಂಗಬಲ್ಲದೆಂಬ ಅರಿವು ಅವರಿಗೆ ಪಾಠದಿಂದ ಬಂದುದಲ್ಲ, ಬದುಕಿನಿಂದ ಬಂದುದು.

ಇಷ್ಟು ಬಲ್ಲ ಜನ ಮನುಷ್ಯರ ವಿಷಯದಲ್ಲಿ ಇದನ್ನೇಕೆ ಮರೆಯುತ್ತಾರೆ? ಈ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. ಇದರ ಹಿಂದೆ ನನ್ನದೇ ಆದ ಒಂದು ತಪ್ಪಿದೆ. ಅದನ್ನು ಮೊದಲು ಒಪ್ಪಿಕೊಂಡು ಮುಂದಿನ ಮಾತನ್ನು ಆಡುವುದು ಉಚಿತ.

ಬಿಡದಿ ಹೋಬಳಿಯ ಬೈರಮಂಗಲದ ಆಸುಪಾಸಿನ ಹಳ್ಳಿಯೊಂದರಲ್ಲಿ ವರಸೆಯಿಂದ ನನಗೆ ಅಕ್ಕನಾದವರ ಮನೆಯಿದೆ. 1996ರ ಬೇಸಿಗೆಯಲ್ಲಿ ಅವರ ಕಿರಿಯ ಮಗಳ ಮದುವೆಯ ಮಾತುಕತೆಗೆಂದು ನನ್ನನ್ನು ಕರೆಸಿದ್ದರು. ಮಠದಲ್ಲಿ ಓದಿ ಬಂದವನೆಂಬ ಕಾರಣಕ್ಕೆ ಇಂತಹ ಸಂದರ್ಭಗಳಲ್ಲಿ ನನ್ನ ಮಾತಿಗೆ ತುಸು ಬೆಲೆ ಕೊಡುತ್ತಿದ್ದರು. ಅಂಗಳಕ್ಕೆ ಹೋದೊಡನೆ ಭಾವನವರು ಹುಳುಮನೆಯ ಬಾಗಿಲಲ್ಲೇ ನನ್ನನ್ನು ತಡೆದರು. "ಹಾಗೇ ಬರಬೇಡಿ ಶಾಸ್ತ್ರಿಗಳೇ, ಹುಳ ಈಗ ತಾನೆ ನಾಲ್ಕನೇ ಜ್ವರ ಎದ್ದಿವೆ. ಕೈಕಾಲು ತೊಳ್ಕೊಳ್ಳಿ." ನಾನು ನಗುತ್ತಲೇ ಬಚ್ಚಲಿಗೆ ನಡೆದೆ.

ಅನಂತರ ನಡುಮನೆಯಲ್ಲಿ ಕುಳಿತೆವು. ಪಕ್ಕದ ಕೋಣೆಯಲ್ಲಿ ಯಾರೋ ಎಡೆಬಿಡದೆ ಕೆಮ್ಮುತ್ತಿದ್ದರು. ಇಣುಕಿ ನೋಡಿದೆ. ಭಾವನವರ ತಮ್ಮ ಮಲಗಿದ್ದರು. ರಾಮನಗರದಲ್ಲಿ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದವರು ಎರಡು ತಿಂಗಳಿಂದ ಮನೆಯಲ್ಲೇ ಇದ್ದರು. ಮೈ ಇಳಿದು ಎಲುಬು ಕಾಣುತ್ತಿತ್ತು. ಗಾಳಿ ತಗುಲಬಾರದೆಂದು ಇದ್ದೊಂದು ಕಿಟಕಿಗೂ ಗೋಣಿತಾಟು ಹೊಡೆದಿದ್ದರು. ಆ ಕತ್ತಲೆಯಲ್ಲಿ ಅವರ ಮಗ್ಗುಲಿಗೆ ಅಕ್ಕನ ಮೊಮ್ಮಗ, ಮೂರು ವರ್ಷದ ಕೂಸು, ನಿದ್ರಿಸುತ್ತಿತ್ತು. "ಒಲೆ ಹೊಗೆಯ ಕೆಮ್ಮು" ಎಂದರು ಭಾವ. ಅವರು ಎದ್ದುಹೋದ ಮೇಲೆ ಅಕ್ಕ ದನಿ ತಗ್ಗಿಸಿ, "ನೋಡಪ್ಪ, ಮದುವೆಯೊಂದು ಮುಗಿಯಲಿ. ಅಲ್ಲೀವರೆಗೂ ಇದು ಹೊರಗೆ ಹೋಗೋದು ಬೇಡ" ಎಂದರು. ನಾನು ತಲೆಯಾಡಿಸಿದೆ.

ಆ ತಲೆಯಾಡಿಸುವಿಕೆಯೇ ನನ್ನ ತಪ್ಪು. ಮದುವೆ ಸಾಂಗವಾಗಿ ನೆರವೇರಿತು. ಕೆಲವು ತಿಂಗಳಲ್ಲಿ ಆ ಕೂಸಿಗೆ ಬಿಡದ ಜ್ವರ, ವಾಂತಿ, ಕತ್ತು ಸೆಟೆದುಕೊಂಡಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕ್ಷಯವು ಮಿದುಳಿನ ಪೊರೆಗೆ ತಗುಲಿದೆಯೆಂದರು. ಮನೆಯಲ್ಲಿ ಯಾರಿಗೆ ಕೆಮ್ಮು ಇದೆಯೆಂದು ವೈದ್ಯರು ಕೇಳಿದ ಮೊದಲ ಪ್ರಶ್ನೆಗೇ ಎಲ್ಲವೂ ಬಯಲಾಯಿತು. ಚಿಕ್ಕತಾತನೂ ಮಗುವೂ ತಿಂಗಳುಗಟ್ಟಲೆ ಔಷಧ ಸೇವಿಸಿ ಬದುಕಿದರು. ಆದರೆ ಮಗುವಿನ ಬಲಗಾಲಿನ ಶಕ್ತಿ ಪೂರ್ತಿಯಾಗಿ ಮರಳಲಿಲ್ಲ.

ಹುಳುಮನೆಯ ಬಾಗಿಲಲ್ಲಿ ಕಾಲು ತೊಳೆಸಿದವರು ಅಜ್ಞಾನಿಗಳಲ್ಲ. ಹುಳುವಿನ ರೋಗಕ್ಕೆ ನಾಚಿಕೆಯಿಲ್ಲ, ಮನುಷ್ಯನ ರೋಗಕ್ಕೆ ನಾಚಿಕೆಯುಂಟು. ವ್ಯತ್ಯಾಸವಿರುವುದು ಇಲ್ಲಿ. ನಾಚಿಕೆಯು ರೋಗವನ್ನು ಬಚ್ಚಿಡಿಸುತ್ತದೆ. ಬಚ್ಚಿಟ್ಟ ರೋಗವೇ ಅತಿ ಹೆಚ್ಚು ಹರಡುತ್ತದೆ.

ಎಲ್ಲ ರೋಗಕ್ಕೂ ಒಂದೇ ದಾರಿಯಿಲ್ಲ

ಪಕ್ಕದಲ್ಲಿರುವವನ ರೋಗ ನಮಗೆ ಅಂಟಬಹುದೆಂಬುದು ಹೊಸ ಮಾತಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಮೈಸೋಕು, ಉಸಿರು, ಸಹಭೋಜನ, ಒಂದೇ ಹಾಸಿಗೆ, ಒಬ್ಬರ ಬಟ್ಟೆಯನ್ನು ಇನ್ನೊಬ್ಬರು ಉಡುವುದು ಮೊದಲಾದ ಕಾರಣಗಳಿಂದ ಚರ್ಮರೋಗ, ಜ್ವರ, ಶೋಷ, ಕಣ್ಣಿನ ಬೇನೆಗಳು ಒಬ್ಬರಿಂದ ಒಬ್ಬರಿಗೆ ಸಂಕ್ರಮಿಸುವುವೆಂದು ಹೇಳಿದೆ. ಶೋಷವೆಂದರೆ ಮೈ ಒಣಗಿಸುವ ಬೇನೆ, ಕ್ಷಯಕ್ಕೆ ಹತ್ತಿರವಾದುದು. ಪ್ರಾಚೀನರು ದಾರಿಗಳನ್ನು ಗುರುತಿಸಿದ್ದರು; ಯಾವ ರೋಗಕ್ಕೆ ಯಾವ ದಾರಿಯೆಂಬುದನ್ನು ಬಿಡಿಸಿ ತೋರಿಸಿದುದು ಈಚಿನ ವಿಜ್ಞಾನ.

ಈ ವಿವೇಚನೆಯಿಲ್ಲದೆ ಎಲ್ಲಕ್ಕೂ ಹೆದರುವವನು ಹೆದರಬೇಕಾದುದಕ್ಕೆ ಹೆದರುವುದಿಲ್ಲ. ಬೈರಮಂಗಲದ ಕೆರೆಯನ್ನೇ ನೋಡಿರಿ. ವೃಷಭಾವತಿಗೆ ಕಟ್ಟೆ ಕಟ್ಟಿ ಹೊಲಗದ್ದೆಗಳಿಗೆ ನೀರುಣಿಸಿದ ಆ ಜಲಾಶಯಕ್ಕೆ ಇಂದು ಬೆಂಗಳೂರಿನ ಕೊಳಚೆ ಹರಿದು ಬರುತ್ತಿದೆ. ಅದರ ನೊರೆ ಕಣ್ಣಿಗೆ ಕಾಣುತ್ತದೆ, ನಾತ ಮೂಗಿಗೆ ಬಡಿಯುತ್ತದೆ. ಅದಕ್ಕೆ ಜನ ಅಂಜುವುದು ನ್ಯಾಯವೇ. ಆದರೆ ಮುಚ್ಚಿದ ಕೋಣೆಯಲ್ಲಿ ರೋಗಿ ಕೆಮ್ಮಿದ ಗಾಳಿಗೆ ನೊರೆಯೂ ಇಲ್ಲ, ನಾತವೂ ಇಲ್ಲ. ಆದುದರಿಂದ ಅದಕ್ಕೆ ಯಾರೂ ಅಂಜುವುದಿಲ್ಲ.

ಸ್ಥೂಲವಾಗಿ ನಾಲ್ಕು ದಾರಿಗಳನ್ನು ನೆನಪಿಟ್ಟರೆ ಸಾಕು. ಮೊದಲನೆಯದು ಉಸಿರಿನ ದಾರಿ: ಕ್ಷಯ, ದಡಾರ, ಸೀತಾಳೆ ಸಿಡುಬು, ಫ್ಲೂ ಜ್ವರ, ಕೊರೋನಾ. ಇವಕ್ಕೆ ತೆರೆದ ಕಿಟಕಿ, ಮುಚ್ಚಿದ ಬಾಯಿ ಮತ್ತು ಅಂತರವೇ ರಕ್ಷೆ. ಎರಡನೆಯದು ಬಾಯಿಯ ದಾರಿ: ವಾಂತಿಭೇದಿ, ವಿಷಮಶೀತ ಜ್ವರ, ನೀರಿನಿಂದ ಬರುವ ಕಾಮಾಲೆ. ಇವಕ್ಕೆ ಕುದಿಸಿ ಆರಿಸಿದ ನೀರು, ಶೌಚದ ನಂತರ ಮತ್ತು ಅಡುಗೆಗೆ ಮುನ್ನ ಸಾಬೂನಿನಿಂದ ತೊಳೆದ ಕೈ. ಮೂರನೆಯದು ಸ್ಪರ್ಶದ ದಾರಿ: ಕಜ್ಜಿ, ಕೆಂಗಣ್ಣು. ಕೆಂಗಣ್ಣಿನವರನ್ನು ನೋಡಿದರೇ ಬರುವುದೆಂಬುದು ಭ್ರಮೆ. ಅದು ಬರುವುದು ಕೈಯಿಂದ, ಒಂದೇ ವಲ್ಲಿಯಲ್ಲಿ ಮುಖ ಒರಸಿಕೊಳ್ಳುವುದರಿಂದ. ನಾಲ್ಕನೆಯದು ಕೀಟದ ದಾರಿ: ಮಲೇರಿಯಾ, ಡೆಂಗ್ಯೂ, ಚಿಕೂನ್‌ಗುನ್ಯಾ. ಇಲ್ಲಿ ರೋಗಿಯನ್ನು ಮುಟ್ಟಿದರೆ ಏನೂ ಆಗದು. ಆದರೆ ರೋಗಿಯನ್ನು ಕಚ್ಚಿದ ಸೊಳ್ಳೆ ನಮ್ಮನ್ನು ಕಚ್ಚಬಾರದು. ಆದ್ದರಿಂದ ಸೊಳ್ಳೆಪರದೆಯನ್ನು ಮೊದಲು ಕಟ್ಟಬೇಕಾದುದು ರೋಗಿಯ ಮಂಚಕ್ಕೆ.

ಪ್ಲೇಗಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 1898ರ ಆಗಸ್ಟ್ ತಿಂಗಳಲ್ಲಿ ಅದು ಬೆಂಗಳೂರನ್ನು ಪ್ರವೇಶಿಸಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಇಕ್ಕಟ್ಟಾದ ಪೇಟೆಯ ಬದಲಿಗೆ ಅಗಲವಾದ ರಸ್ತೆಗಳ ಬಸವನಗುಡಿ, ಮಲ್ಲೇಶ್ವರಗಳು ಬೆಳೆದುದು ಆ ಅನಂತರದ ಕಾಲದಲ್ಲಿ. ಹಳ್ಳಿಗಳಲ್ಲಿ ಇಲಿ ಬಿದ್ದುದನ್ನು ಕಂಡೊಡನೆ ಜನ ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇಲಿಯ ಮೈಮೇಲಿನ ಚಿಗಟವೇ ಗಡ್ಡೆಯ ಪ್ಲೇಗನ್ನು ಹೊತ್ತು ತರುವುದೆಂದು ಅವರಿಗೆ ಗೊತ್ತಿರಲಿಲ್ಲ; ಆದರೂ ಊರು ಬಿಟ್ಟುದು ಸರಿಯಾದ ಕ್ರಮವೇ ಆಯಿತು. ಅದೇ ಕ್ರಮವನ್ನು ಕ್ಷಯದ ರೋಗಿಗೆ ಅನ್ವಯಿಸಿ ಅವನನ್ನು ಊರಾಚೆಗೆ ಅಟ್ಟಿದರೆ ಅದು ಕ್ರೌರ್ಯವಷ್ಟೇ ಅಲ್ಲ, ನಿಷ್ಪ್ರಯೋಜಕ ಕೂಡ. ಹೇಗೆಂಬುದನ್ನು ಮುಂದೆ ನೋಡೋಣ.

ಮದರಾಸಿನಲ್ಲಿ ತಿಳಿದುಬಂದ ಸತ್ಯ

ಒಂದು ಕಾಲದಲ್ಲಿ ಕ್ಷಯರೋಗಿಯನ್ನು ಮನೆಯಿಂದ ದೂರವಿರುವ ಆರೋಗ್ಯಧಾಮಕ್ಕೆ ಕಳುಹಿಸುವುದೇ ಪದ್ಧತಿ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಕ್ಷಯರೋಗದ ಆಸ್ಪತ್ರೆಗೆ ಇದೇ ಬೇನೆಯಿಂದ ತೀರಿಕೊಂಡ ಅವರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿದೆ. ಅರಮನೆಯ ಗೋಡೆಯೂ ಈ ರೋಗವನ್ನು ತಡೆಯಲಿಲ್ಲವೆಂದ ಮೇಲೆ ನಮ್ಮಂತಹವರು ನಾಚಿಕೆಪಡುವುದಕ್ಕೆ ಏನಿದೆ?

1956ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರವು ಒಂದು ದಿಟ್ಟ ಪ್ರಯೋಗ ನಡೆಸಿತು. ನಗರದ ಬಡ ಜನರಲ್ಲಿ ಕೆಲವು ರೋಗಿಗಳನ್ನು ಆರೋಗ್ಯಧಾಮದಲ್ಲಿಟ್ಟು, ಕೆಲವರನ್ನು ಅವರ ಇಕ್ಕಟ್ಟಿನ ಮನೆಗಳಲ್ಲೇ ಬಿಟ್ಟು, ಇಬ್ಬಗೆಯವರಿಗೂ ಒಂದೇ ಔಷಧ ಕೊಟ್ಟರು. 1959ರಲ್ಲಿ ಮೊದಲ ಫಲಿತಾಂಶ ಪ್ರಕಟವಾಯಿತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣ ಹೊಂದಿದ್ದರು. ಬಳಿಕ ಎರಡೂ ಬಗೆಯ ಕುಟುಂಬಗಳನ್ನು ಐದು ವರ್ಷ ಗಮನಿಸಿದರು. ಮನೆಯಲ್ಲೇ ಚಿಕಿತ್ಸೆ ಪಡೆದ ರೋಗಿಗಳ ಬಂಧುಗಳಿಗೆ ರೋಗ ಹೆಚ್ಚಾಗಿ ತಗುಲಿರಲಿಲ್ಲ. ಮನೆಮಂದಿಗೆ ತಗುಲುವ ಸೋಂಕಿನ ಬಹುಪಾಲು ರೋಗ ಪತ್ತೆಯಾಗುವುದಕ್ಕೆ ಮೊದಲೇ ತಗುಲಿರುತ್ತದೆ. ಸರಿಯಾದ ಔಷಧ ಆರಂಭವಾದ ಮೇಲೆ ರೋಗಿಯಿಂದಾಗುವ ಅಪಾಯ ಬೇಗನೆ ತಗ್ಗುತ್ತದೆ. ಈ ಅಧ್ಯಯನದಿಂದ ಲೋಕದ ಕ್ಷಯ ಚಿಕಿತ್ಸೆಯ ಕ್ರಮವೇ ಬದಲಾಯಿತು.

ಓದುಗ ಬಂಧುಗಳು ಇದನ್ನು ಚೆನ್ನಾಗಿ ಮನನ ಮಾಡಬೇಕು. ಔಷಧ ಸೇವಿಸುತ್ತಿರುವ ರೋಗಿಗಿಂತ, ಪರೀಕ್ಷೆ ಮಾಡಿಸಿಕೊಳ್ಳದೆ "ಹೊಗೆಯ ಕೆಮ್ಮು" ಎನ್ನುತ್ತಿರುವವನೇ ಮನೆಗೆ ಅಪಾಯಕಾರಿ. ನಮ್ಮ ಅಕ್ಕನ ಮನೆಯಲ್ಲಿ ಮದುವೆಗಾಗಿ ಬಚ್ಚಿಟ್ಟ ಆ ತಿಂಗಳುಗಳೇ ಮಗುವಿನ ಕಾಲನ್ನು ಕಸಿದುಕೊಂಡವು.

ರೇಷ್ಮೆಯವರಿಗೆ ಈ ತತ್ತ್ವ ಹೊಸದಲ್ಲ. 1865ರಿಂದ ಕೆಲವು ವರ್ಷ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರರು ಗಂಟುರೋಗವನ್ನು ಶೋಧಿಸಿ, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆಯನ್ನಷ್ಟೇ ಇಟ್ಟುಕೊಳ್ಳುವ ಕ್ರಮವನ್ನು ಕಲಿಸಿದರು. ಇಂದಿಗೂ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಇದೇ. ರೋಗ ಹರಡಿದ ಮೇಲೆ ಗೋಳಾಡುವುದಕ್ಕಿಂತ ಮೊದಲೇ ಪರೀಕ್ಷಿಸಿ ತಿಳಿಯುವುದು ಲೇಸು. ಆದರೆ ಒಂದು ಭೇದವನ್ನು ಮರೆಯಬಾರದು. ರೋಗದ ಹುಳುವನ್ನು ತೆಗೆದು ಹೂಳುತ್ತೇವೆ. ರೋಗದ ಮನುಷ್ಯನನ್ನು ಉಳಿಸಿಕೊಳ್ಳಬೇಕು. ಹುಳುಮನೆಯಿಂದ ಎಚ್ಚರವನ್ನು ಕಲಿಯೋಣ, ಎಸೆಯುವುದನ್ನಲ್ಲ.

ಮನೆಯಲ್ಲಿ ಪಾಲಿಸಬೇಕಾದ ನೇಮಗಳು

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ: ಇವುಗಳಲ್ಲಿ ಒಂದಿದ್ದರೂ ಕಫ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಪರೀಕ್ಷೆಯೂ ಔಷಧವೂ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧ. ಎರಡು ತಿಂಗಳಿಗೆ ಮೈ ಹಗುರವಾಯಿತೆಂದು ಬಿಟ್ಟುಬಿಡುವವರು ಔಷಧಕ್ಕೆ ಬಗ್ಗದ ಕ್ಷಯವನ್ನು ಮನೆಗೆ ಆಹ್ವಾನಿಸುತ್ತಾರೆ.

ರೋಗಿಯ ಕೋಣೆಯ ಕಿಟಕಿ ಹಗಲಿರುಳು ತೆರೆದಿರಲಿ. ಬಿಸಿಲು ಒಳಗೆ ಬೀಳಲಿ. ಗಾಳಿ ತಗುಲಿದರೆ ರೋಗ ಹೆಚ್ಚುವುದೆಂಬುದು ನಮ್ಮ ಹಿರಿಯರ ನಂಬಿಕೆಗಳಲ್ಲಿ ಕೈಬಿಡಬೇಕಾದುದು. ಚಳಿಯಾದರೆ ಕಂಬಳಿ ಹೊದಿಸೋಣ, ಕಿಟಕಿ ಮುಚ್ಚುವುದು ಬೇಡ. ವೈದ್ಯರು ಅಡ್ಡಿಯಿಲ್ಲವೆನ್ನುವವರೆಗೆ, ಸಾಮಾನ್ಯವಾಗಿ ಮೊದಲ ಕೆಲವು ವಾರ, ರೋಗಿ ಬೇರೆಯಾಗಿ ಮಲಗಲಿ. ಐದು ವರ್ಷದೊಳಗಿನ ಮಕ್ಕಳನ್ನು ಮಗ್ಗುಲಲ್ಲಿ ಮಲಗಿಸಲೇಬಾರದು. ಇತರರ ಬಳಿ ಮಾತನಾಡುವಾಗ ರೋಗಿ ಬಾಯಿಮೂಗುಗಳಿಗೆ ಮುಖಗವುಸು ಧರಿಸಲಿ. ಕಫವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಉಗುಳಿ, ಅನಂತರ ಸುಡಬೇಕು ಅಥವಾ ಆಳವಾಗಿ ಹೂಳಬೇಕು.

ಇನ್ನು ಬೇಡದ ನೇಮಗಳು. ಕ್ಷಯವು ತಟ್ಟೆ ಲೋಟಗಳಿಂದಾಗಲಿ ಕೈ ಮುಟ್ಟುವುದರಿಂದಾಗಲಿ ಹರಡುವುದಿಲ್ಲ. ಸೊಸೆಗೆ ಕ್ಷಯವೆಂದು ತಿಳಿದೊಡನೆ ಅವಳಿಗೆ ಬೇರೆ ತಟ್ಟೆಯಿಟ್ಟು, ಅವಳ ಮಾತ್ರೆ ಮುಗಿಯುವ ಮುನ್ನವೇ ತವರಿಗೆ ಕಳುಹಿಸುವ ಮನೆಗಳನ್ನು ನಾನು ಬಲ್ಲೆ. ಅವರು ತಟ್ಟೆಯನ್ನು ಬೇರೆ ಮಾಡುತ್ತಾರೆ, ಕಿಟಕಿಯನ್ನು ತೆರೆಯುವುದಿಲ್ಲ! ಅಂಜಿಕೆಯೂ ಉಳಿಯಿತು, ಅಪಾಯವೂ ಉಳಿಯಿತು.

ಮನೆಯಲ್ಲಿ ಒಬ್ಬರಿಗೆ ಶ್ವಾಸಕೋಶದ ಕ್ಷಯ ಖಚಿತವಾದರೆ ಉಳಿದವರೆಲ್ಲರೂ ಪರೀಕ್ಷೆಗೆ ಒಳಗಾಗಬೇಕು. ರೋಗವಿಲ್ಲದಿದ್ದರೂ ಒಡಲಲ್ಲಿ ಸುಪ್ತವಾಗಿರಬಹುದಾದ ಸೋಂಕು ಮುಂದೆ ರೋಗವಾಗದಂತೆ ಕೊಡುವ ಮುನ್ನೆಚ್ಚರಿಕೆಯ ಔಷಧವಿದೆ. ಮೊದಲು ಮುಖ್ಯವಾಗಿ ಚಿಕ್ಕ ಮಕ್ಕಳಿಗೆ ಕೊಡುತ್ತಿದ್ದ ಇದನ್ನು 2021ರ ರಾಷ್ಟ್ರೀಯ ಮಾರ್ಗಸೂಚಿಯ ತರುವಾಯ ಮನೆಯ ಇತರ ವಯಸ್ಸಿನವರಿಗೂ ವಿಸ್ತರಿಸಿದ್ದಾರೆ. ಹುಟ್ಟಿದ ಮಗುವಿಗೆ ಹಾಕಿಸುವ ಬಿ.ಸಿ.ಜಿ. ಲಸಿಕೆಯು ಎಳೆಯ ಮಕ್ಕಳಲ್ಲಿ ಮಿದುಳಿಗೆ ತಗುಲುವಂತಹ ಘೋರ ಕ್ಷಯದಿಂದ ಬಹುಮಟ್ಟಿಗೆ ರಕ್ಷಿಸುತ್ತದೆ, ಅದನ್ನು ತಪ್ಪಿಸಬಾರದು.

ಮತ್ತೊಂದು ರಕ್ಷೆ ಅನ್ನ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ವೈದ್ಯರಾದ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡದಲ್ಲಿ ನಡೆಸಿದ ಅಧ್ಯಯನದ ಫಲ 2023ರಲ್ಲಿ ಪ್ರಕಟವಾಯಿತು. ರೋಗಿಗಷ್ಟೇ ಅಲ್ಲದೆ ಮನೆಮಂದಿಗೆಲ್ಲ ತಿಂಗಳುತಿಂಗಳು ಅಕ್ಕಿ, ಬೇಳೆ ಮತ್ತು ಪೋಷಕಾಂಶದ ಮಾತ್ರೆಗಳನ್ನು ಕೊಟ್ಟ ಕುಟುಂಬಗಳಲ್ಲಿ ಹೊಸದಾಗಿ ಕ್ಷಯ ತಗುಲುವುದು ಶೇಕಡ 39ರಷ್ಟು ಕಡಿಮೆಯಾಯಿತು. ಹಸಿದ ಮೈ ರೋಗಕ್ಕೆ ಬಾಗಿಲು ತೆರೆಯುತ್ತದೆ. ಚಿಕಿತ್ಸೆಯ ಅವಧಿಯಲ್ಲಿ ರೋಗಿಗೆ ಸರ್ಕಾರ ಕೊಡುವ ಪೋಷಣೆಯ ಹಣವನ್ನು 2024ರ ನವೆಂಬರಿನಿಂದ ತಿಂಗಳಿಗೆ 500ರಿಂದ 1000 ರೂಪಾಯಿಗೆ ಏರಿಸಿದ್ದಾರೆ. ಅದರ ಜೊತೆಗೆ ನಾವು ಅಂತಹ ಮನೆಗೆ ಒಂದು ಮೂಟೆ ಅಕ್ಕಿ, ಹತ್ತು ಸೇರು ಬೇಳೆ ಮುಟ್ಟಿಸಿದರೆ ಅದು ದಾಸೋಹವೂ ಹೌದು, ಔಷಧವೂ ಹೌದು.

ನೋಡಲು ಹೋಗುವವರಿಗೆ ಎರಡು ಮಾತು

ಕಾಯಿಲೆಯವರನ್ನು ನೋಡಿಕೊಂಡು ಬರುವುದು ನಮ್ಮಲ್ಲಿ ದೊಡ್ಡ ಮರ್ಯಾದೆ. ಹೋಗದಿದ್ದರೆ ಬಂಧುತ್ವಕ್ಕೇ ಕುಂದು. ಹೀಗಾಗಿ ನಾಲ್ಕು ದಿನದ ಜ್ವರಕ್ಕೂ ಹತ್ತಾರು ಜನ ಮಂಚದ ಸುತ್ತ ನೆರೆಯುತ್ತಾರೆ, ಮಕ್ಕಳನ್ನೂ ಕರೆದೊಯ್ಯುತ್ತಾರೆ. ಇದರಿಂದ ರೋಗಿಗೆ ವಿಶ್ರಾಂತಿಯಿಲ್ಲ, ಬಂದವರಿಗೆ ಕ್ಷೇಮವಿಲ್ಲ.

ಹಿಂದೆ ಮನೆಯಲ್ಲಿ "ಅಮ್ಮ" ಎದ್ದಾಗ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಆ ಎಲೆಗೆ ರೋಗ ತಡೆಯುವ ಶಕ್ತಿ ಇದೆಯೋ ಇಲ್ಲವೋ, ಅದೊಂದು ಪ್ರಕಟಣೆಯಾಗಿತ್ತು: ಒಳಗೆ ಕಾಯಿಲೆಯಿದೆ, ಈಗ ಬರಬೇಡಿ. ಅದರಲ್ಲಿ ಅವಮಾನವಿರಲಿಲ್ಲ. ಅಡುಗೆಯನ್ನು ನೆರೆಯವರು ಜಗಲಿಯಲ್ಲಿಟ್ಟು ಹೋಗುತ್ತಿದ್ದರು. ದೂರವಿದ್ದೂ ಕೈಬಿಡದಿರುವ ಆ ವಿವೇಕ 2020ರ ಕೊರೋನಾ ಕಾಲದಲ್ಲಿ ಎಷ್ಟೋ ಕಡೆ ಮಾಯವಾಗಿತ್ತು. ಸೋಂಕು ತಗುಲಿದವರ ಮನೆಗೆ ಹಾಲು ಹಾಕಲೂ ಒಪ್ಪದವರಿದ್ದರು. ಆ ಭಯದಿಂದಲೇ ಸೋಂಕನ್ನು ಬಚ್ಚಿಟ್ಟವರಿದ್ದರು.

ನಾನು ಮಠದ ವಿದ್ಯಾರ್ಥಿನಿಲಯದಲ್ಲಿದ್ದಾಗ ಒಮ್ಮೆ ಹುಡುಗರಿಗೆ ಮಂಗನಬಾವು ಬಂತು. ಸಾಲಾಗಿ ಚಾಪೆ ಹಾಸಿ ಮಲಗುವ ನಮ್ಮಲ್ಲಿ ಅದು ಹಬ್ಬಲು ಎಷ್ಟು ಹೊತ್ತು? ನಮ್ಮ ಹಿರಿಯ ಗುರುಗಳು ಬಾವು ಬಂದವರನ್ನೆಲ್ಲ ತೆರೆದ ಮೊಗಸಾಲೆಯಲ್ಲಿ ಬೇರೆ ಮಲಗಿಸಿ, ಅವರ ಗಂಜಿಯನ್ನು ದಿನವೂ ತಾವೇ ಒಯ್ದು ಕೊಡುತ್ತಿದ್ದರು. ತಮಗೆ ಬಾಲ್ಯದಲ್ಲೇ ಅದು ಬಂದುಹೋಗಿದೆಯೆಂದು ನಗುತ್ತಿದ್ದರು. ಬೇರ್ಪಡಿಸುವುದು ಬೇರೆ, ಬಹಿಷ್ಕರಿಸುವುದು ಬೇರೆ ಎಂಬುದನ್ನು ನಾನು ಅಲ್ಲಿ ಕಂಡಿದ್ದೆ. ಕಂಡೂ ಅಕ್ಕನ ಮನೆಯಲ್ಲಿ ಮರೆತೆ.

ಕಳೆದ ವರ್ಷ ಮತ್ತೆ ಆ ಊರಿಗೆ ಹೋಗಿದ್ದೆ. ಅಂದಿನ ಕೂಸು ಇಂದು ಮೂವತ್ತು ದಾಟಿದ ಗೃಹಸ್ಥ. ತುಸು ಕಾಲೆಳೆಯುತ್ತ ಅಂಗಳಕ್ಕೆ ಬಂದು ನನ್ನನ್ನು ಬಾಗಿಲಲ್ಲೇ ತಡೆದ. ಹುಳುಮನೆಯ ಬಾಗಿಲಲ್ಲಲ್ಲ, ಮನೆಯ ಬಾಗಿಲಲ್ಲಿ. "ಅಜ್ಜಿಗೆ ಜ್ವರ, ಕೆಮ್ಮು, ತಾತ. ಕಫ ಪರೀಕ್ಷೆಗೆ ಕೊಟ್ಟಿದ್ದೀವಿ. ನೀವು ಜಗಲೀಲೇ ಕೂತ್ಕೊಳ್ಳಿ, ಕಿಟಕಿಯಿಂದ ಮಾತಾಡಿಸಿ" ಎಂದ. ಹಿಂದೆ ಗೋಣಿತಾಟು ಹೊಡೆದಿದ್ದ ಕಿಟಕಿ ಈಗ ಅಗಲವಾಗಿ ತೆರೆದಿತ್ತು. ಒಳಗೆ ಮುಖಗವುಸು ಕಟ್ಟಿಕೊಂಡು ಮಲಗಿದ್ದ ಅಕ್ಕ ನನ್ನನ್ನು ಕಂಡು ಕೈ ಮುಗಿದರು. ನಾವು ಅರ್ಧ ಗಂಟೆ ಮಾತನಾಡಿದೆವು. ಒಳಗೆ ಕರೆಯಲಿಲ್ಲವೆಂದು ನನಗೆ ಕಿಂಚಿತ್ತೂ ಬೇಸರವಾಗಲಿಲ್ಲ. ಆ ಮನೆಯಲ್ಲಿ ನನಗೆ ದೊರೆತ ಮರ್ಯಾದೆಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.